ಟಿ.ಸಿ. ಒಂದು, ಓದು ಎರಡು: ಪ್ರೌಢಶಾಲೆಯಲ್ಲಿದ್ದುಕೊಂಡೇ ಕಾಲೇಜು ಪಾಠ ಕಲಿಯಬಹುದೇ?

ದಾವಣಗೆರೆಯ ಸರಸ್ವತಿ ನಗರದಲ್ಲಿ ಬೆಳಗಿನ ಆರು ಗಂಟೆಗೇ ಬೆನ್ನಿಗೆ ಪುಸ್ತಕದ ಚೀಲ ಏರಿಸಿಕೊಂಡ ಮಕ್ಕಳು ಮನೆಯಿಂದ ಹೊರಬೀಳುತ್ತಾರೆ. ಕೆಲವರು ಸೈಕಲ್ಲಿನಲ್ಲಿ, ಕೆಲವರು ಅಪ್ಪನ ಬೈಕಿನ ಹಿಂಬದಿಯಲ್ಲಿ. ಅವರು ಹೊರಟಿರುವುದು ಶಾಲೆಗಲ್ಲ, ಟ್ಯೂಷನ್ನಿಗೆ. ಅಲ್ಲಿಂದ ಮನೆ, ಮನೆಯಿಂದ ಶಾಲೆ ಅಥವಾ ಪಿಯು ಕಾಲೇಜು, ಸಂಜೆ ಮತ್ತೆ ಟ್ಯೂಷನ್. ಹಾಗೆ ನೋಡಿದರೆ ನಮ್ಮೂರಿನ ಹದಿನೈದು, ಹದಿನಾರರ ಹರೆಯದವರು ಈಗಾಗಲೇ ಎರಡು ಕಡೆ ಓದುತ್ತಿದ್ದಾರೆ. ಆದರೆ ಈ ಎರಡನೆಯ ಓದು ಯಾವ ಅಂಕಪಟ್ಟಿಯಲ್ಲಿಯೂ ಕಾಣಿಸಿಕೊಳ್ಳುವುದಿಲ್ಲ. ಅದು ಮೊದಲನೆಯದನ್ನೇ ಮತ್ತೊಮ್ಮೆ, ಇನ್ನಷ್ಟು ದುಬಾರಿಯಾಗಿ ಓದುವ ಕ್ರಮವಷ್ಟೇ.

ಇದೇ ವಯಸ್ಸಿನ ಮಗಳೋ ಮೊಮ್ಮಗನೋ ಅಮೆರಿಕದಲ್ಲಿರುವ ಮನೆಗಳಿಗೆ ಬೇರೊಂದು ಬಗೆಯ ಸುದ್ದಿ ಬರುತ್ತದೆ. ಹೈಸ್ಕೂಲು ಮುಗಿಯುವ ಮೊದಲೇ ಹುಡುಗಿ ಕಾಲೇಜಿನ ಗಣಿತ ಮುಗಿಸಿದಳಂತೆ, ಅದು ಮುಂದೆ ಪದವಿಯಲ್ಲಿ ಲೆಕ್ಕಕ್ಕೆ ಬರುತ್ತದಂತೆ. ಇದು ಹೇಗೆ ಸಾಧ್ಯ, ಇಲ್ಲೇಕೆ ಸಾಧ್ಯವಿಲ್ಲ ಎಂದು ಇತ್ತೀಚೆಗೆ ಪೋಷಕರು ಕೇಳುವುದುಂಟು. ಪ್ರಶ್ನೆ ನ್ಯಾಯವಾದದ್ದು. ಉತ್ತರ ಮಾತ್ರ ಪಠ್ಯಪುಸ್ತಕದಲ್ಲಿಲ್ಲ, ಶಾಲೆಯ ಕಚೇರಿಯ ಕಪಾಟಿನಲ್ಲಿದೆ.

ಮೊದಲು ಅಲ್ಲಿನ ವ್ಯವಸ್ಥೆಯನ್ನು ತಿಳಿಯೋಣ. ಅಮೆರಿಕದ ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷಗಳ ಸಾರ್ವಜನಿಕ ಕಾಲೇಜು. ಪ್ರವೇಶಕ್ಕೆ ಕಠಿಣ ಪೈಪೋಟಿ ಇಲ್ಲ, ಶುಲ್ಕ ಕಡಿಮೆ. ವೆಲ್ಡಿಂಗಿನಿಂದ ಹಿಡಿದು ಕ್ಯಾಲ್ಕುಲಸ್‌ವರೆಗೆ ಎಲ್ಲವೂ ಒಂದೇ ಆವರಣದಲ್ಲಿ ದೊರೆಯುತ್ತದೆ. ಅಲ್ಲಿ ಎರಡು ವರ್ಷ ಓದಿದವರು ನಾಲ್ಕು ವರ್ಷದ ವಿಶ್ವವಿದ್ಯಾನಿಲಯದ ಮೂರನೆಯ ವರ್ಷಕ್ಕೆ ಸೇರಿಕೊಳ್ಳಬಹುದು. ಸ್ವಾರಸ್ಯವೆಂದರೆ ಈ ಬಗೆಯ ಕಾಲೇಜು ಹುಟ್ಟಿದ್ದೇ ಒಂದು ಹೈಸ್ಕೂಲಿನ ಒಳಗೆ. ಇಲಿನಾಯ್ ರಾಜ್ಯದ ಜೋಲಿಯೆಟ್ ಪಟ್ಟಣದ ಶಾಲಾ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೋ ವಿಶ್ವವಿದ್ಯಾನಿಲಯದ ಅಧ್ಯಕ್ಷ ವಿಲಿಯಂ ರೈನಿ ಹಾರ್ಪರ್ ಮಾತನಾಡಿಕೊಂಡು, 1901ರಲ್ಲಿ ಆರು ಮಂದಿ ವಿದ್ಯಾರ್ಥಿಗಳಿಗೆ ಹೈಸ್ಕೂಲಿನಲ್ಲೇ ಕಾಲೇಜು ಮಟ್ಟದ ಪಾಠ ಆರಂಭಿಸಿದರು. ಅದೇ ಇಂದಿನ ಜೋಲಿಯೆಟ್ ಜೂನಿಯರ್ ಕಾಲೇಜು. ನಮ್ಮಲ್ಲಿ ಪ್ರೌಢಶಾಲೆಯ ಆವರಣದಲ್ಲೇ ಪಿಯು ತರಗತಿಗಳು ನಡೆಯುವ 'ಸಂಯುಕ್ತ ಪದವಿಪೂರ್ವ ಕಾಲೇಜು' ನೋಡಿದವರಿಗೆ ಈ ಕಲ್ಪನೆ ಅಪರಿಚಿತವೆನಿಸದು.

ಹೈಸ್ಕೂಲಿನಲ್ಲಿ ಓದುತ್ತಿರುವಾಗಲೇ ಕಾಲೇಜಿನಲ್ಲಿಯೂ ಹೆಸರು ದಾಖಲಿಸುವ ಪದ್ಧತಿಗೆ ಅಲ್ಲಿ 'ಡ್ಯುಯಲ್ ಎನ್‌ರೋಲ್‌ಮೆಂಟ್' ಎನ್ನುತ್ತಾರೆ. ಜೋಡಿ ದಾಖಲಾತಿ ಎಂದುಕೊಳ್ಳೋಣ. 1985ರಲ್ಲಿ ಮಿನೆಸೋಟ ರಾಜ್ಯ ಇದಕ್ಕೆ ರಾಜ್ಯವ್ಯಾಪಿ ಕಾನೂನು ಮಾಡಿತು. ಹನ್ನೊಂದು, ಹನ್ನೆರಡನೆಯ ತರಗತಿಯವರು ಕಾಲೇಜಿನ ತರಗತಿಗೆ ಹೋಗಬಹುದು, ಶುಲ್ಕವನ್ನು ರಾಜ್ಯ ಭರಿಸುತ್ತದೆ ಎಂಬುದು ಅದರ ಸಾರ. 1990ರಲ್ಲಿ ವಾಷಿಂಗ್ಟನ್ ರಾಜ್ಯ 'ರನ್ನಿಂಗ್ ಸ್ಟಾರ್ಟ್' ಎಂಬ ಯೋಜನೆಗೆ ಅನುಮತಿ ನೀಡಿತು. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ 2015ರ ಶಾಸನವೊಂದು ಶಾಲಾ ಜಿಲ್ಲೆಗಳೂ ಕಮ್ಯುನಿಟಿ ಕಾಲೇಜುಗಳೂ ಈ ಬಗ್ಗೆ ಪರಸ್ಪರ ಒಪ್ಪಂದ ಮಾಡಿಕೊಳ್ಳುವುದನ್ನು ಸುಲಭಗೊಳಿಸಿತು. 2022-23ರ ಶೈಕ್ಷಣಿಕ ವರ್ಷದಲ್ಲಿ ಅಮೆರಿಕದಾದ್ಯಂತ ಸುಮಾರು 25 ಲಕ್ಷ ಹೈಸ್ಕೂಲು ವಿದ್ಯಾರ್ಥಿಗಳು ಹೀಗೆ ಕಾಲೇಜು ಪಾಠ ಓದಿದರು. ಕಮ್ಯುನಿಟಿ ಕಾಲೇಜುಗಳ ವಿದ್ಯಾರ್ಥಿಗಳಲ್ಲಿ ಸುಮಾರು ಐದನೆಯ ಒಂದು ಪಾಲು ಇಂಥವರೇ.

ಪಾಠ ನಡೆಯುವ ಕ್ರಮ ಎರಡು ಬಗೆಯದು. ವಿದ್ಯಾರ್ಥಿಯೇ ಕಾಲೇಜಿಗೆ ಹೋಗಬಹುದು, ಇಲ್ಲವೇ ಕಾಲೇಜು ಒಪ್ಪಿದ ಅರ್ಹ ಶಿಕ್ಷಕರು ಹೈಸ್ಕೂಲಿನಲ್ಲೇ ಅದೇ ಪಾಠವನ್ನು ಮಾಡಬಹುದು. ಎರಡರಲ್ಲಿಯೂ ಕೊನೆಗೆ ದೊರೆಯುವುದು 'ಕ್ರೆಡಿಟ್'. ಇಂತಿಷ್ಟು ಗಂಟೆಯ ಪಾಠ ಕೇಳಿ ತೇರ್ಗಡೆಯಾದುದಕ್ಕೆ ಕಾಲೇಜು ಕೊಡುವ ಲೆಕ್ಕ ಅದು. ಅದೇ ಪಾಠ ಹೈಸ್ಕೂಲು ಮುಗಿಸಲು ಬೇಕಾದ ಲೆಕ್ಕಕ್ಕೂ ಸೇರುತ್ತದೆ, ಕಾಲೇಜಿನ ಲೆಕ್ಕಕ್ಕೂ ಸೇರುತ್ತದೆ. ಒಂದು ಓದಿಗೆ ಎರಡು ಕಡೆ ಜಮಾ.

ಇದರ ದೋಷಗಳನ್ನೂ ಹೇಳಬೇಕು. ಹದಿನಾರನೆಯ ವಯಸ್ಸಿನಲ್ಲಿ ಕಾಲೇಜು ಗಣಿತದಲ್ಲಿ ಕಳಪೆ ಶ್ರೇಣಿ ಪಡೆದರೆ ಅದು ಕಾಲೇಜಿನ ಕಾಯಂ ದಾಖಲೆಯಲ್ಲಿ ಉಳಿದುಬಿಡುತ್ತದೆ. ಅದೇ ರಾಜ್ಯದ ಸರ್ಕಾರಿ ವಿಶ್ವವಿದ್ಯಾನಿಲಯಗಳು ಈ ಕ್ರೆಡಿಟ್‌ಗಳನ್ನು ಸಾಮಾನ್ಯವಾಗಿ ಒಪ್ಪಿಕೊಂಡರೂ, ಹೆಸರಾಂತ ಖಾಸಗಿ ವಿಶ್ವವಿದ್ಯಾನಿಲಯಗಳು ಅನೇಕ ವೇಳೆ ಒಪ್ಪುವುದಿಲ್ಲ. ಕಪ್ಪು ಜನಾಂಗದ ಹಾಗೂ ಬಡ ಕುಟುಂಬಗಳ ಮಕ್ಕಳು ಇದರಲ್ಲಿ ತಮ್ಮ ಜನಸಂಖ್ಯೆಯ ಪ್ರಮಾಣಕ್ಕೆ ತಕ್ಕಷ್ಟು ಇಲ್ಲ ಎಂಬ ಟೀಕೆ ಹಳೆಯದು. ಮತ್ತೊಂದು ಸಂಗತಿ ನಮ್ಮ ಪೋಷಕರಿಗೆ ಬೆರಗು ಹುಟ್ಟಿಸೀತು: ಕಾಲೇಜಿಗೆ ಸೇರಿದೊಡನೆ, ವಯಸ್ಸು ಎಷ್ಟೇ ಇರಲಿ, ಆ ಕಾಲೇಜಿನ ದಾಖಲೆಯ ಮೇಲಿನ ಹಕ್ಕು ವಿದ್ಯಾರ್ಥಿಯದ್ದಾಗುತ್ತದೆ. ಮಗನ ಅಂಕ ಎಷ್ಟೆಂದು ತಂದೆ ನೇರವಾಗಿ ಕಾಲೇಜಿಗೆ ಫೋನಾಯಿಸಿ ತಿಳಿಯುವಂತಿಲ್ಲ.

ಈಗ ನಮ್ಮೂರಿಗೆ ಬರೋಣ. ಕಟ್ಟಡಗಳ ಕೊರತೆ ಇಲ್ಲಿಲ್ಲ. 1951ರಲ್ಲಿ ಆರಂಭವಾದ, ಈಗ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯದ ಘಟಕವಾಗಿರುವ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು, 1979ರ ಬಾಪೂಜಿ ಇಂಜಿನಿಯರಿಂಗ್ ಕಾಲೇಜು, ಡಿ.ಆರ್.ಆರ್. ಸರ್ಕಾರಿ ಪಾಲಿಟೆಕ್ನಿಕ್, ಸರ್ಕಾರಿ ಐಟಿಐ, ಹತ್ತಾರು ಪಿಯು ಕಾಲೇಜುಗಳು ನಗರದಲ್ಲಿವೆ. ಅನತಿ ದೂರದ ಹರಿಹರದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಇದೆ. ಒಂದು ಕಾಲಕ್ಕೆ ಲೇತ್ ಯಂತ್ರಗಳಿಂದ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿದ ಮೇಲೂ ಆ ಊರಿನಲ್ಲಿ ಲೋಹ ಕೊರೆಯುವ ಕೈಗಳಿಗೆ ಬೆಲೆ ಹೋಗಿಲ್ಲ. ಪ್ರೌಢಶಾಲೆಯ ಹುಡುಗ ಸಂಜೆ ಹೋಗಿ ಯಂತ್ರದ ಮುಂದೆ ನಿಲ್ಲಬಹುದಾದ ಜಾಗಗಳು ಸೈಕಲ್ ದೂರದಲ್ಲೇ ಇವೆ.

ಹಾಗಾದರೆ ತೊಡಕು ಎಲ್ಲಿ? ಟಿ.ಸಿ.ಯಲ್ಲಿ. ನಮ್ಮಲ್ಲಿ ವಿದ್ಯಾರ್ಥಿ ಒಂದು ಸಂಸ್ಥೆಗೆ ಸೇರುವಾಗ ಮೂಲ ವರ್ಗಾವಣೆ ಪತ್ರವನ್ನು ಒಪ್ಪಿಸುತ್ತಾನೆ. ಆ ಕಾಗದ ಯಾವ ಕಪಾಟಿನಲ್ಲಿದೆಯೋ ಅವನು ಅಲ್ಲಿಯ ವಿದ್ಯಾರ್ಥಿ. ಒಂದೇ ಕಾಗದ ಎರಡು ಕಪಾಟಿನಲ್ಲಿರಲಾರದು. ಇದರ ಜೊತೆಗೆ ಹಾಜರಾತಿ: ಪಿಯುಸಿಗೆ ಶೇ. 75, ಐಟಿಐಗೆ ಶೇ. 80. ಎರಡೂ ಹಗಲಿನಲ್ಲೇ ನಡೆಯುವಾಗ ಎರಡನ್ನೂ ಪೂರೈಸುವುದು ಅಸಾಧ್ಯ. ಡಿಪ್ಲೊಮಾ ಪ್ರವೇಶಕ್ಕಂತೂ ಎಸ್ಸೆಸ್ಸೆಲ್ಸಿ ತೇರ್ಗಡೆಯೇ ಮೊದಲ ಷರತ್ತು. ಅಮೆರಿಕದಲ್ಲಿ ಟಿ.ಸಿ. ಎಂಬ ವಸ್ತುವೇ ಇಲ್ಲ. ಅಲ್ಲಿ ಅಂಕದಾಖಲೆಯ ಪ್ರತಿಗಳು ಬೇಕಾದ ಕಡೆಗೆಲ್ಲ ಹೋಗುತ್ತವೆ, ವಿದ್ಯಾರ್ಥಿ ಒಂದೇ ಕಡೆಗೆ ಸೇರಿದವನೆಂದು ಯಾರೂ ಭಾವಿಸುವುದಿಲ್ಲ.

ಆದ್ದರಿಂದಲೇ ಎಸ್ಸೆಸ್ಸೆಲ್ಸಿ ಫಲಿತಾಂಶದ ವಾರ ನಮ್ಮ ಮನೆಗಳಲ್ಲಿ ಅಷ್ಟೊಂದು ಆತಂಕ. ಪಿಯುಸಿಯೋ, ಡಿಪ್ಲೊಮಾವೋ, ಐಟಿಐಯೋ? ಕವಲು ದಾರಿಯಲ್ಲಿ ಒಂದನ್ನು ಹಿಡಿದರೆ ಮತ್ತೊಂದು ಬಿಟ್ಟಂತೆ. ಹದಿನಾರರಲ್ಲಿ ಯಾರಿಗೂ ಸ್ಪಷ್ಟವಿರದ ಈ ತೀರ್ಮಾನವನ್ನು ಮುಂದೂಡಲು, ಎರಡೂ ದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ನೋಡಲು ಅವಕಾಶ ಕೊಡುವುದೇ ಜೋಡಿ ದಾಖಲಾತಿಯ ನಿಜವಾದ ಲಾಭ. ಒಂದು ವರ್ಷ ಉಳಿಯುತ್ತದೆ ಎಂಬುದು ಎರಡನೆಯ ಮಾತು.

ಹಾಗೆಂದು ಕರ್ನಾಟಕದಲ್ಲಿ ಇಂಥ ಪ್ರಯತ್ನವೇ ನಡೆದಿಲ್ಲ ಎಂದರೆ ತಪ್ಪಾದೀತು. ಕಿರಿಯ ತಾಂತ್ರಿಕ ಶಾಲೆಗಳ ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿಯಲ್ಲೇ ಮೆಕ್ಯಾನಿಕಲ್ ಮತ್ತು ಎಲೆಕ್ಟ್ರಿಕಲ್ ಇಂಜಿನಿಯರಿಂಗಿನ ಮೂಲಾಂಶಗಳು, ಇಂಜಿನಿಯರಿಂಗ್ ಗ್ರಾಫಿಕ್ಸ್ ಮುಂತಾದ ಪತ್ರಿಕೆಗಳನ್ನು ಬರೆಯುವ ಪದ್ಧತಿ ಇದೆ. ಪರೀಕ್ಷೆಯ ವೇಳಾಪಟ್ಟಿಯ ಮೂಲೆಯಲ್ಲಿ ಈ ಹೆಸರುಗಳನ್ನು ಕಂಡು ಇದೇನೆಂದು ಅಚ್ಚರಿಪಟ್ಟವರು ಬಹಳ ಮಂದಿ. 1970ರ ದಶಕದ ಕೊನೆಯಲ್ಲಿ ಪಿಯು ಹಂತದಲ್ಲಿ ವೃತ್ತಿ ಶಿಕ್ಷಣದ ಕೋರ್ಸುಗಳು ಬಂದವು. ಜನ ಅವನ್ನು ಜೆಒಸಿ ಎಂದೇ ಕರೆದರು. ಮುಂದೆ ಅವು ನಿಂತುಹೋದರೂ, ಸರ್ಕಾರಿ ನೇಮಕಾತಿಯ ಅಧಿಸೂಚನೆಗಳಲ್ಲಿ 'ಪಿಯುಸಿ ತತ್ಸಮಾನ' ಎಂಬ ಸಾಲಿನಲ್ಲಿ ಆ ಹೆಸರು ಇನ್ನೂ ಕಾಣಿಸಿಕೊಳ್ಳುತ್ತದೆ.

ಇವೆಲ್ಲಕ್ಕಿಂತ ಹಳೆಯದು, ಇವೆಲ್ಲಕ್ಕಿಂತ ಯಶಸ್ವಿಯಾದದ್ದು ಬೆರಳಚ್ಚು ಶಾಲೆ. ಪ್ರೌಢಶಾಲೆ, ಪಿಯುಸಿ ಓದುತ್ತಿದ್ದಾಗಲೇ ಬೆಳಗ್ಗೆ ಒಂದು ಗಂಟೆ ಟೈಪಿಂಗ್ ಕಲಿತು ಜೂನಿಯರ್, ಸೀನಿಯರ್ ಪರೀಕ್ಷೆ ಕಟ್ಟಿದವರು ಈ ನಗರದ ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ ಇಂದಿಗೂ ಸಿಗುತ್ತಾರೆ. ಪರೀಕ್ಷೆ ನಡೆಸುತ್ತಿದ್ದುದು ಎಸ್ಸೆಸ್ಸೆಲ್ಸಿ ನಡೆಸುವ ಮಂಡಳಿಯೇ. ಟಿ.ಸಿ. ಕೇಳಲಿಲ್ಲ, ಹಗಲಿನ ತರಗತಿಗೆ ಅಡ್ಡಿಯಾಗಲಿಲ್ಲ, ಪ್ರಮಾಣಪತ್ರಕ್ಕೆ ನೌಕರಿಯಲ್ಲಿ ಬೆಲೆ ಇತ್ತು. ಹಿಂದಿ ಪ್ರಚಾರ ಸಭೆಯ ಪ್ರಾಥಮಿಕ್, ಮಧ್ಯಮಾ ಪರೀಕ್ಷೆಗಳು, ಡ್ರಾಯಿಂಗ್‌ನ ಲೋಯರ್ ಮತ್ತು ಹೈಯರ್ ಗ್ರೇಡ್, ಸಂಗೀತದ ಜೂನಿಯರ್ ಪರೀಕ್ಷೆ ಇವೂ ಇದೇ ಜಾತಿಯವು. ಸರ್ಕಾರವೋ ಸಾರ್ವಜನಿಕ ಸಂಸ್ಥೆಯೋ ನಡೆಸಿದ, ಯಾರೂ ಬಂದು ಬರೆಯಬಹುದಾದ ಪರೀಕ್ಷೆಗಳು. ನಮ್ಮ ಹಿಂದಿನ ತಲೆಮಾರಿಗೆ ಜೋಡಿ ಓದು ಗೊತ್ತಿತ್ತು. ಆದರೆ ಆ ಪ್ರಮಾಣಪತ್ರಗಳನ್ನು ಉದ್ಯೋಗದಾತರು ಪರಿಗಣಿಸಿದರೇ ಹೊರತು ಶಾಲೆ, ಕಾಲೇಜುಗಳು ತಮ್ಮ ಪಾಠದ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ.

ಭಾರತದಲ್ಲಿ ಸಮುದಾಯ ಕಾಲೇಜು ಎಂಬ ಹೆಸರೂ ಹೊಸದಲ್ಲ. 1995ರಲ್ಲಿ ಪಾಂಡಿಚೇರಿಯಲ್ಲಿ, 1996ರಲ್ಲಿ ಚೆನ್ನೈನಲ್ಲಿ ಮೊದಲ ಪ್ರಯೋಗಗಳಾದವು. 2012-13ರ ಹೊತ್ತಿಗೆ ಯುಜಿಸಿಯೂ ಕಾಲೇಜುಗಳಿಗೆ ಇದಕ್ಕಾಗಿ ನೆರವು ನೀಡುವ ಯೋಜನೆ ರೂಪಿಸಿತು. ಆದರೆ ಇಲ್ಲಿ ಆ ಹೆಸರಿಗೆ ಬಂದ ಅರ್ಥವೇ ಬೇರೆ. ಓದು ಬಿಟ್ಟವರಿಗೆ, ಕೆಲಸ ಬೇಕಾದವರಿಗೆ ಕೌಶಲ ಕಲಿಸುವ ಕೇಂದ್ರ ಎಂದಾಯಿತು. ಶಾಲೆಯಲ್ಲಿ ಇರುವವರಿಗೆ ಅದರ ಬಾಗಿಲು ತೆರೆಯಬಹುದೆಂಬ ಯೋಚನೆ ಮುಂದೆ ಬರಲಿಲ್ಲ.

ಇಂದು ಏನು ಲಭ್ಯ?

ರಾಜ್ಯದ ಆಯ್ದ ಸರ್ಕಾರಿ ಪ್ರೌಢಶಾಲೆಗಳಲ್ಲಿ ಎನ್.ಎಸ್.ಕ್ಯೂ.ಎಫ್. ಎಂಬ ರಾಷ್ಟ್ರೀಯ ಕೌಶಲ ಚೌಕಟ್ಟಿನಡಿ ಮಾಹಿತಿ ತಂತ್ರಜ್ಞಾನ, ಆಟೋಮೊಬೈಲ್, ರಿಟೇಲ್, ಬ್ಯೂಟಿ ಅಂಡ್ ವೆಲ್‌ನೆಸ್ ಮೊದಲಾದ ವಿಷಯಗಳನ್ನು ಪರಿಚಯಿಸಲಾಯಿತು. ಎಸ್ಸೆಸ್ಸೆಲ್ಸಿಯಲ್ಲಿ ಇವು ತೃತೀಯ ಭಾಷೆಯ ಸ್ಥಾನದಲ್ಲಿ ಬಂದವು, ಮುಂದೆ ಪಿಯುಸಿಯ ವಿಷಯಪಟ್ಟಿಗೂ ಸೇರಿದವು. ಅಂಕಪಟ್ಟಿಯಲ್ಲಿ ಇದಕ್ಕೆ ಜಾಗ ದೊರೆತಿದೆ ಎಂಬುದು ಸಣ್ಣ ಸಂಗತಿಯಲ್ಲ. ಆದರೆ ಪ್ರೌಢಶಾಲೆಯಲ್ಲಿ ಆಟೋಮೊಬೈಲ್ ಓದಿದ ಹುಡುಗ ಪಾಲಿಟೆಕ್ನಿಕ್ ಸೇರಿದರೆ ಅಲ್ಲಿ ಮೊದಲ ಸೆಮಿಸ್ಟರಿನಿಂದಲೇ ಎಲ್ಲವನ್ನೂ ಓದಬೇಕು. ಶಾಲೆಯ ಲೆಕ್ಕ ಶಾಲೆಯಲ್ಲೇ ಮುಗಿಯುತ್ತದೆ.

ಉನ್ನತ ಸಂಸ್ಥೆಗಳ ಕಡೆಯಿಂದಲೂ ಕೆಲವು ಬಾಗಿಲುಗಳು ತೆರೆದಿವೆ. ಐಐಟಿ ಮದ್ರಾಸ್ ಶಾಲೆಗಳೊಂದಿಗೆ ಸೇರಿ ವಿದ್ಯಾರ್ಥಿಗಳಿಗೆ ದತ್ತಾಂಶ ವಿಜ್ಞಾನ, ಎಲೆಕ್ಟ್ರಾನಿಕ್ಸ್ ಮುಂತಾದ ವಿಷಯಗಳಲ್ಲಿ ಎಂಟು ವಾರಗಳ ಆನ್‌ಲೈನ್ ಸರ್ಟಿಫಿಕೇಟ್ ಕೋರ್ಸುಗಳನ್ನು ನಡೆಸಿದೆ. ಅದೇ ಸಂಸ್ಥೆಯ ಆನ್‌ಲೈನ್ ಬಿ.ಎಸ್. ಪದವಿಯ ಅರ್ಹತಾ ಪರೀಕ್ಷೆಗೆ ಹನ್ನೊಂದನೆಯ ತರಗತಿಯ ಅಂತಿಮ ಪರೀಕ್ಷೆ ಬರೆದವರಿಗೂ ಅರ್ಜಿ ಹಾಕಲು ಅವಕಾಶ ನೀಡಲಾಯಿತು. ತೇರ್ಗಡೆಯಾದವರು ಹನ್ನೆರಡನೆಯ ತರಗತಿ ಮುಗಿಸಿ ಸೇರಬಹುದು. ಇದಕ್ಕೆ ಜೆಇಇ ಬೇಕಿಲ್ಲ. ಅಮೆರಿಕದ ಮಾದರಿಗೆ ನಮ್ಮಲ್ಲಿ ಹತ್ತಿರ ಬರುವುದು ಇದೇ ಎನ್ನಬಹುದು. ಆದರೆ ಇಂಗ್ಲಿಷ್ ಪಾಠ, ಕಂಪ್ಯೂಟರು, ಇಂಟರ್‌ನೆಟ್ ಮೂರೂ ಬೇಕು. ಹರಿಹರ ತಾಲ್ಲೂಕಿನ ಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿಗೆ ಈ ಮೂರರಲ್ಲಿ ಒಂದಾದರೂ ಕಷ್ಟವೇ.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. 2022ರ ಏಪ್ರಿಲ್‌ನಲ್ಲಿ ಯುಜಿಸಿ ಏಕಕಾಲದಲ್ಲಿ ಎರಡು ಪದವಿ ಓದಲು ಅವಕಾಶ ಕೊಟ್ಟಾಗ, ಪಿಯುಸಿ ಮತ್ತು ಡಿಪ್ಲೊಮಾ ಜೊತೆಗೇ ಮಾಡಬಹುದೆಂದು ಕೆಲವರು ಭಾವಿಸಿದರು. ಆ ಮಾರ್ಗಸೂಚಿ ಉನ್ನತ ಶಿಕ್ಷಣಕ್ಕೆ ಮಾತ್ರ ಸಂಬಂಧಿಸಿದ್ದು. ಶಾಲಾ ಹಂತಕ್ಕೆ ಅದು ಅನ್ವಯಿಸದು. 'ಎಸ್ಸೆಸ್ಸೆಲ್ಸಿ ಜೊತೆಯಲ್ಲೇ ಇಂಜಿನಿಯರಿಂಗ್ ಡಿಪ್ಲೊಮಾ' ಎಂದು ಯಾರಾದರೂ ಫಲಕ ಹಾಕಿದರೆ, ಆ ಪ್ರಮಾಣಪತ್ರವನ್ನು ಕೊಡುವವರು ಯಾರು ಎಂದು ಹಣ ಕಟ್ಟುವ ಮೊದಲೇ ಕೇಳುವುದು ಕ್ಷೇಮ. ತಾಂತ್ರಿಕ ಶಿಕ್ಷಣ ಇಲಾಖೆಯ ಹೆಸರು ಬಾರದಿದ್ದರೆ ಅಲ್ಲಿಗೆ ಮಾತು ಮುಗಿಯಿತು.

ಏಕಕಾಲದ ಓದಿಗೆ ಲೆಕ್ಕ ಕೊಡದ ನಮ್ಮ ವ್ಯವಸ್ಥೆ ಒಂದರ ನಂತರ ಒಂದು ಓದಿದವರಿಗೆ ಮಾತ್ರ ಉದಾರವಾಗಿಯೇ ಲೆಕ್ಕ ಕೊಡುತ್ತದೆ. ಇದು ಎಷ್ಟೋ ಪೋಷಕರಿಗೆ ತಿಳಿದಿಲ್ಲ. ಎರಡು ವರ್ಷದ ಐಟಿಐ ಮುಗಿಸಿದವರೂ ವಿಜ್ಞಾನ ಪಿಯುಸಿ ಮುಗಿಸಿದವರೂ ಪಾಲಿಟೆಕ್ನಿಕ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿ.ಇ.ಯ ಎರಡನೆಯ ವರ್ಷಕ್ಕೆ ಹೋಗಬಹುದು. ಲೆಕ್ಕ ಹಾಕಿ ನೋಡಿ. ಪಿಯುಸಿ ದಾರಿಯಲ್ಲಿ ಎಸ್ಸೆಸ್ಸೆಲ್ಸಿಯ ನಂತರ ಬಿ.ಇ. ಮುಗಿಸಲು ಎರಡು ಮತ್ತು ನಾಲ್ಕು, ಒಟ್ಟು ಆರು ವರ್ಷ. ಡಿಪ್ಲೊಮಾ ದಾರಿಯಲ್ಲಿ ಮೂರು ಮತ್ತು ಮೂರು, ಅಲ್ಲಿಯೂ ಆರು. ಐಟಿಐ ದಾರಿಯಲ್ಲಿ ಎರಡು, ಎರಡು, ಮೂರು ಸೇರಿ ಏಳು. ಐಟಿಐ ಸೇರಿದ ಹುಡುಗನ ಓದು ಮುಗಿದಂತೆ ಎಂದು ನಿಟ್ಟುಸಿರಿಡುವ ಮನೆಗಳಲ್ಲಿ ಈ ಲೆಕ್ಕ ಯಾರೂ ಹೇಳಿರುವುದಿಲ್ಲ. ಕೇವಲ ಒಂದು ವರ್ಷ ಹೆಚ್ಚು, ಕೈಯಲ್ಲಿ ಐಟಿಐ ಮತ್ತು ಡಿಪ್ಲೊಮಾ ಎರಡರ ಪ್ರಮಾಣಪತ್ರ, ನಡುವೆ ಎಲ್ಲಿ ಬೇಕಾದರೂ ಕೆಲಸಕ್ಕೆ ಇಳಿಯುವ ಸ್ವಾತಂತ್ರ್ಯ. ಅಡ್ಡಿಯಾಗುವುದು ಗಣಿತ. ಐಟಿಐಯಲ್ಲಿ ಎರಡು ವರ್ಷ ಗಣಿತ ಅಷ್ಟಕ್ಕಷ್ಟೇ ಆಗಿ, ಡಿಪ್ಲೊಮಾದಲ್ಲಿ ಒಮ್ಮೆಲೇ ಎದುರಾದಾಗ ಹಲವರು ಹಿಂಜರಿಯುತ್ತಾರೆ. ಐಟಿಐ ಓದುತ್ತಿರುವಾಗಲೇ ಸಂಜೆ ಗಣಿತದ ಒಂದು ಪಾಠ ಪಾಲಿಟೆಕ್ನಿಕ್‌ನಲ್ಲಿ ಸಿಕ್ಕಿ, ಅದಕ್ಕೆ ಲೆಕ್ಕವೂ ಸಿಕ್ಕಿದ್ದರೆ? ಜೋಡಿ ದಾಖಲಾತಿ ಈ ಊರಿಗೆ ಅತ್ಯಂತ ಉಪಯುಕ್ತವಾಗುವುದು ಇಲ್ಲಿಯೇ ಎಂಬುದು ಈ ಲೇಖಕನ ಅಭಿಪ್ರಾಯ.

ಇದಕ್ಕೆ ಸ್ವಲ್ಪ ಹತ್ತಿರದ ಸೌಲಭ್ಯವೊಂದು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ ಇದೆ. ಐಟಿಐ ವಿದ್ಯಾರ್ಥಿಗಳು ಅಲ್ಲಿ ಭಾಷೆಯೂ ಸೇರಿದಂತೆ ನಿಗದಿತ ವಿಷಯಗಳನ್ನು ಬರೆದರೆ, ಐಟಿಐಯ ಓದನ್ನೂ ಪರಿಗಣಿಸಿ ಹನ್ನೆರಡನೆಯ ತರಗತಿಯ ಪ್ರಮಾಣಪತ್ರ ನೀಡುವ ವ್ಯವಸ್ಥೆ ಅದು. ಪಿಯುಸಿ ಕೇಳುವ ಸರ್ಕಾರಿ ಹುದ್ದೆಗೆ ಅರ್ಜಿ ಹಾಕುವಾಗ ಇದರ ಬೆಲೆ ತಿಳಿಯುತ್ತದೆ. ಯಾವ ವಿಷಯ, ಎಷ್ಟು ವಿಷಯ ಎಂಬುದನ್ನು ಆಯಾ ನೇಮಕಾತಿ ಅಧಿಸೂಚನೆಯೊಂದಿಗೆ ಹೋಲಿಸಿ ನೋಡಿಯೇ ಹೆಸರು ದಾಖಲಿಸಬೇಕು.

ಕಪಾಟಿನ ಕಾಗದದ ಸಮಸ್ಯೆಗೆ ತಾತ್ವಿಕ ಪರಿಹಾರವೂ ಬಂದಿದೆ. 2023ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಹೊರತಂದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ವೃತ್ತಿ ತರಬೇತಿ, ಪದವಿ ಮೂರನ್ನೂ ಒಂದೇ ಅಳತೆಗೋಲಿನಲ್ಲಿ ತಂದಿತು. ವರ್ಷಕ್ಕೆ 1,200 ಗಂಟೆಯ ಕಲಿಕೆ, 40 ಕ್ರೆಡಿಟ್, ಅಂದರೆ 30 ಗಂಟೆಗೆ ಒಂದು. ಹತ್ತನೆಯ ತರಗತಿ ಮೂರನೆಯ ಹಂತ, ಹನ್ನೆರಡನೆಯದು ನಾಲ್ಕನೆಯ ಹಂತ. ವಿದ್ಯಾರ್ಥಿಯ ಖಾತೆಯಲ್ಲಿ ಇವು ಜಮಾ ಆಗುತ್ತಾ ಹೋಗಬೇಕೆಂಬುದು ಉದ್ದೇಶ. ಸಿಬಿಎಸ್‌ಇ 2024ರಲ್ಲಿ ಇದನ್ನು ಪ್ರಾಯೋಗಿಕವಾಗಿ ಅಳವಡಿಸಲು ಶಾಲೆಗಳನ್ನು ಆಹ್ವಾನಿಸಿತು. ರಾಜ್ಯ ಪಠ್ಯಕ್ರಮದ ಮಕ್ಕಳಿಗೆ ಇದು ತಲುಪಬೇಕಾದರೆ ರಾಜ್ಯದ ಮಂಡಳಿ ಒಪ್ಪಬೇಕು. ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಬಿಟ್ಟು ತನ್ನದೇ ನೀತಿಗಾಗಿ ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ಆಯೋಗ ನೇಮಿಸಿ, 2025ರ ಆಗಸ್ಟ್‌ನಲ್ಲಿ ವರದಿ ಪಡೆದಿದೆ. ನೀತಿ ಯಾರದೇ ಇರಲಿ, ಲೆಕ್ಕದ ಪುಸ್ತಕ ಒಂದೇ ಇದ್ದರೆ ಮಕ್ಕಳಿಗೆ ಅನುಕೂಲ.

ಆದರೆ ಚೌಕಟ್ಟು ತಾನಾಗಿ ತರಗತಿ ನಡೆಸುವುದಿಲ್ಲ. ಅಮೆರಿಕದಲ್ಲಿಯೂ ಈ ಪದ್ಧತಿ ನಿಂತಿರುವುದು ಒಂದೊಂದು ಊರಿನ ಶಾಲೆಗೂ ಕಾಲೇಜಿಗೂ ನಡುವಿನ ಒಪ್ಪಂದದ ಮೇಲೆ. ಯಾವ ಪಾಠ, ಯಾರು ಕಲಿಸುವವರು, ಯಾರು ಶುಲ್ಕ ಕೊಡುವವರು, ಬಸ್ಸಿನ ಏರ್ಪಾಡು ಏನು, ನಪಾಸಾದರೆ ಏನು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ದಾವಣಗೆರೆಯ ಒಂದು ಸರ್ಕಾರಿ ಪ್ರೌಢಶಾಲೆಗೂ ಅದರ ಸಮೀಪದ ಐಟಿಐಗೂ ನಡುವೆ ಇಂಥದೊಂದು ಪುಟದ ಒಪ್ಪಂದವಾಗಲು ಹೊಸ ಕಟ್ಟಡವಾಗಲಿ, ಹೊಸ ಯಂತ್ರವಾಗಲಿ ಬೇಕಿಲ್ಲ. ಸಂಜೆ ಐದರ ನಂತರ ಬೀಗ ಬೀಳುವ ಕಾರ್ಯಾಗಾರಗಳಿವೆ, ಅದೇ ಹೊತ್ತಿಗೆ ಟ್ಯೂಷನ್ನಿಗೆ ಹೋಗಲು ಹಣವಿಲ್ಲದೆ ಮನೆಯಲ್ಲಿರುವ ಮಕ್ಕಳೂ ಇದ್ದಾರೆ. ಬೇಕಿರುವುದು ಆ ಒಂದು ಗಂಟೆಯ ಹಾಜರಿಯನ್ನು ಎರಡು ಪುಸ್ತಕದಲ್ಲಿ ಬರೆಯಲು ಎರಡು ಇಲಾಖೆಗಳ ಸಹಿ.